ಒಂದು ಹೆಸರು ಬಿಟ್ಟುಹೋದ ಮುನ್ನೂರು ಕವರು

ಬೆಳಗಿನ ಐದು ಗಂಟೆಗೆ ಶಿವಾಜಿನಗರದ ಈ ಓಣಿಯಲ್ಲಿ ಎರಡೇ ಸದ್ದು. ಒಂದು ರಸೆಲ್ ಮಾರ್ಕೆಟ್ ಕಡೆಗೆ ಹೊರಟ ತಳ್ಳುಗಾಡಿಗಳದು. ಇನ್ನೊಂದು ಮೊದಲ ಮಹಡಿಯ ಕೋಣೆಯಿಂದ ಕೇಳುತ್ತದೆ, ಒದ್ದೆ ನೆಲದ ಮೇಲೆ ಯಾರೋ ಚಪ್ಪಲಿ ಎಳೆದ ಹಾಗೆ. ಮರದ ಫ್ರೇಮಿಗೆ ಬಿಗಿದ ಜಾಲರಿಯ ಮೇಲೆ ರಬ್ಬರಿನ ಪಟ್ಟಿ ಇಂಕನ್ನು ಎಳೆದುಕೊಂಡು ಬರುವ ಸದ್ದು ಅದು. ಎಳೆಯುತ್ತಿರುವವರು ನಲವತ್ತಾರು ವರ್ಷದ ಫಹ್ಮಿದಾ. ದುಪಟ್ಟಾವನ್ನು ಮೂಗಿನ ಮೇಲೆ ಸುತ್ತಿ ಕಟ್ಟಿದ್ದಾರೆ. ಕಿಟಕಿ ತೆರೆದಿದ್ದರೂ ಕೋಣೆಯ ತುಂಬ ಥಿನ್ನರ್ ವಾಸನೆ.

ಫ್ರೇಮು ಎತ್ತುತ್ತಾರೆ. ಕೆಳಗಿನ ದಪ್ಪ ಹಾಳೆಯ ಬಲ ಅರ್ಧದಲ್ಲಿ ಕಡುನೀಲಿ ಚುಕ್ಕೆಗಳು ಮೂಡಿವೆ. ಹಾಳೆಯನ್ನು ಎರಡು ಅಂಗೈಗಳ ಅಂಚಿನಲ್ಲಿ ಹಿಡಿದು, ಹಸಿ ಬಣ್ಣ ಮುಟ್ಟದಂತೆ ಹಗ್ಗಕ್ಕೆ ಸಿಕ್ಕಿಸಿ ಬರುತ್ತಾರೆ. ಮತ್ತೆ ಹಾಳೆ, ಮತ್ತೆ ಇಂಕು. "ಬಿಸಿಲೇರಿದ್ರೆ ಇಂಕು ಜಾಲರಿಯ ಕಣ್ಣಲ್ಲೇ ಒಣಗಿಬಿಡುತ್ತೆ ಮೇಡಂ. ಆಮೇಲೆ ಎಷ್ಟು ಎಳೆದ್ರೂ ಚುಕ್ಕೆ ಅರ್ಧ ಬೀಳುತ್ತೆ, ಅರ್ಧ ಬೀಳಲ್ಲ. ಅದಕ್ಕೇ ಫಜರ್ ನಮಾಜ್ ಮುಗಿಸಿ ನೇರ ಇಲ್ಲಿಗೆ ಬಂದ್ಬಿಡ್ತೀನಿ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಇಂದಿರಾನಗರದ ‘ತಗಡು’ ಎಂಬ ರಾಕ್ ಬ್ಯಾಂಡಿನ ಎರಡನೆಯ ಆಲ್ಬಮ್ಮಿನ ಕವರು ಇದು. ಹಾಡು ಫೋನಿನಲ್ಲಿ ಎಲ್ಲರಿಗೂ ಸಿಗುತ್ತದೆ. ಆದರೂ ಹಳೆಯ ಕಾಲದ ಗ್ರಾಮಫೋನಿನ ಕಪ್ಪು ತಟ್ಟೆಯಲ್ಲಿ ಮುನ್ನೂರು ಪ್ರತಿ ಮಾಡಿಸಿದ್ದಾರೆ. ಆ ಮುನ್ನೂರಕ್ಕೂ ಕವರು ಫಹ್ಮಿದಾ ಅವರ ಕೈಯಿಂದ ಹೋಗಬೇಕು. ಮುಂಬದಿಗೆ ಮೂರು ಬಣ್ಣ, ಹಿಂಬದಿಗೆ ಒಂದು. ಒಟ್ಟು ಸಾವಿರದ ಇನ್ನೂರು ಸಲ ಪಟ್ಟಿ ಎಳೆಯಬೇಕು. ನಂತರ ಗೀಟು ಹಾಕಿ, ಮಡಚಿ, ಅಂಟಿಸಬೇಕು. ಇಂದು ಮಂಗಳವಾರ. ಭಾನುವಾರ ಬಿಡುಗಡೆ. ಮುಂಬದಿಯ ಕೊನೆಯ ಬಣ್ಣ ನಾಳೆಗೆ ಮುಗಿಯುತ್ತದೆ. ಹಿಂಬದಿ ಶುರುವೇ ಆಗಿಲ್ಲ.

"ಹಿಂಬದಿಗೆ ಒಂದು ಹೆಸರು ಬೇಕು. ಆ ಹೆಸರು ಹಾಕಬಾರ್ದು ಅಂತ ಅವರ ಮನೆಯವರು ಹೇಳಿದಾರೆ. ಹಾಕದೆ ನಾನು ಎಳೆಯಲ್ಲ ಅಂತ ಕೂತಿದೀನಿ," ಎನ್ನುತ್ತಾರೆ ಫಹ್ಮಿದಾ. ದನಿಯಲ್ಲಿ ಹಟ ಕಾಣುವುದಿಲ್ಲ, ಆಯಾಸ ಕಾಣುತ್ತದೆ.

ಆ ಹೆಸರು ಪ್ರಿಯದರ್ಶಿನಿ. ‘ತಗಡು’ ಬ್ಯಾಂಡಿನ ಡ್ರಮ್ಮರ್. ಕಳೆದ ಫೆಬ್ರವರಿಯಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ರಾತ್ರಿ ಬ್ಯಾಂಡಿನ ಅಭ್ಯಾಸ ಮುಗಿಸಿ ಟಿನ್ ಫ್ಯಾಕ್ಟರಿ ಬಳಿ ಸ್ಕೂಟರಿನಲ್ಲಿ ಹೋಗುವಾಗ ಲಾರಿಗೆ ಸಿಕ್ಕಿ ತೀರಿಕೊಂಡಳು. ಆಲ್ಬಮ್ಮಿನ ಒಂಬತ್ತು ಹಾಡಿಗೂ ಅವಳು ಬಾರಿಸಿ ಮುಗಿಸಿದ್ದಳು. ಮರುದಿನದ ಪತ್ರಿಕೆಯೊಂದರಲ್ಲಿ ಮೂರು ಸಾಲಿನ ಸುದ್ದಿ ಬಂದಿತ್ತು: ಸ್ಕೂಟರ್ ಸವಾರಳಾಗಿದ್ದ ಯುವತಿ ಸಾವು. ಅದನ್ನು ಕತ್ತರಿಸಿ ಫಹ್ಮಿದಾ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದಾರೆ. "ನೋಡಿ, ಇಲ್ಲೂ ಹೆಸರಿಲ್ಲ."

ಕೆಳಗಿನ ಅಂಗಡಿ ಅವರ ಅಣ್ಣ ಕಲೀಮುಲ್ಲಾ ಅವರದು. ಮದುವೆ ಕಾರ್ಡಿನ ಅಂಗಡಿ. ತಂದೆಯ ಕಾಲದಿಂದ ಇದೆ. ಹದಿನೇಳನೆಯ ವಯಸ್ಸಿಗೆ ಫಹ್ಮಿದಾ ತಂದೆಯ ಪಕ್ಕ ಕೂತು ಬಿದಿರಿನ ಲೇಖನಿಯಲ್ಲಿ ಉರ್ದು ಅಕ್ಷರ ಬರೆಯಲು ಕಲಿತರು. ಮದುವೆಯಾಗಿ ಕೋಲಾರಕ್ಕೆ ಹೋದರು. ಆರು ವರ್ಷಕ್ಕೆ ಗಂಡ ಕಾಮಾಲೆಯಿಂದ ತೀರಿಕೊಂಡರು. ಮಗಳು ಇಕ್ರಾಳನ್ನು ಎತ್ತಿಕೊಂಡು ಇದೇ ಕೋಣೆಗೆ ವಾಪಸು ಬಂದಾಗ ಕಂಪ್ಯೂಟರ್ ಬಂದು ಲೇಖನಿ ಮೂಲೆ ಸೇರಿತ್ತು. "ಒಂದು ವಾರ ಅತ್ತೆ. ಯಾವುದಕ್ಕೆ ಅಂತ ನನಗೇ ಗೊತ್ತಿಲ್ಲ, ಗಂಡನಿಗೋ, ಲೇಖನಿಗೋ. ಎಂಟನೇ ದಿನ ಮೌಸ್ ಹಿಡ್ಕೊಂಡೆ." ಉರ್ದು, ಕನ್ನಡ, ತಮಿಳು, ಇಂಗ್ಲಿಷ್ ನಾಲ್ಕೂ ಭಾಷೆಯ ಕಾರ್ಡು ಅವರೇ ಜೋಡಿಸುತ್ತಾರೆ, ಅವರೇ ಅಚ್ಚು ಹಾಕುತ್ತಾರೆ. ವರ್ಷಕ್ಕೆ ಮುನ್ನೂರು ಮದುವೆ ಎಂದು ಹಿಡಿದರೂ ಇಲ್ಲಿಯವರೆಗೆ ಆರು ಸಾವಿರ ಮದುವೆ ಆಯಿತು. ಬಲ ಹೆಬ್ಬೆರಳಿನ ಉಗುರು ಥಿನ್ನರಿಗೆ ಸುಲಿದು ಹೋಗಿ ಮತ್ತೆ ಸರಿಯಾಗಿ ಬಂದಿಲ್ಲ. ಎರಡು ವರ್ಷದಿಂದ ಕೆಮ್ಮು. ಡಾಕ್ಟರು ಈ ಕೆಲಸ ಬಿಡಿ ಎಂದಿದ್ದಾರೆ. "ಬಿಟ್ಟು? ಅದನ್ನ ಅವರು ಚೀಟೀಲಿ ಬರೆದಿಲ್ಲ."

ಈ ಅಂಗಡಿಗೆ ಬರುವ ಕೆಲವು ಹಳೆಯ ಮನೆತನಗಳಲ್ಲಿ ಒಂದು ಪದ್ಧತಿ ಇದೆ. ಕಾರ್ಡಿನಲ್ಲಿ ಮದುಮಗಳ ಹೆಸರು ಹಾಕಿಸುವುದಿಲ್ಲ. ‘ನೂರೆಚಶ್ಮಿ’, ಅಂದರೆ ಕಣ್ಣ ಬೆಳಕು, ಎಂದು ಬರೆದು ತಂದೆಯ ಹೆಸರು ಹಾಕುತ್ತಾರೆ. ಹೆಸರು ಇರಬೇಕಾದ ಜಾಗ ಬೋಳಾಗಿ ಕಾಣದಿರಲಿ ಎಂದು ಫಹ್ಮಿದಾ ಅವರ ತಂದೆ ಅಲ್ಲೊಂದು ಸಣ್ಣ ಹೂಬಳ್ಳಿ ಬಿಡಿಸುತ್ತಿದ್ದರು. ಅದು ಈ ಅಂಗಡಿಯ ಗುರುತೇ ಆಗಿಹೋಯಿತು. ಕಲೀಮುಲ್ಲಾ ಅದಕ್ಕೆ ಕಾರಣ ಕೊಡುತ್ತಾರೆ: "ಕಾರ್ಡು ಕೊನೆಗೆ ಎಲ್ಲಿ ಹೋಗುತ್ತೆ ಹೇಳಿ? ಕಸಕ್ಕೆ. ಮನೆ ಮಗಳ ಹೆಸರು ಕಂಡವರ ಕಾಲಡಿ ಬೀಳಬಾರ್ದು ಅಂತ ಹಿರಿಯರು ಹಾಗೆ ಮಾಡಿದ್ರು. ಪ್ರೀತಿಗೆ ಮಾಡಿದ್ದು. ಈಗ ಹೆಸರು ಹಾಕಿಸೋರೇ ಜಾಸ್ತಿ, ಹಾಕಿ ಅಂದ್ರೆ ಹಾಕ್ತೀವಿ." ಇರಬಹುದು. ಐದು ವರ್ಷದ ಹಿಂದೆ ಇಕ್ರಾಳ ಮದುವೆ ಕಾರ್ಡನ್ನೂ ಫಹ್ಮಿದಾ ಅವರೇ ಮಾಡಿದರು. ಅದರಲ್ಲೂ ಬಳ್ಳಿಯೇ ಇದೆ. "ಬೇಜಾರೇನೂ ಆಗ್ಲಿಲ್ಲ. ಅದೇ ಮೇಡಂ, ಆಗ ಏನೂ ಅನ್ನಿಸಲೇ ಇಲ್ಲ," ಎನ್ನುತ್ತಾರೆ.

ರಾಕ್ ಬ್ಯಾಂಡಿಗೂ ಈ ಕೋಣೆಗೂ ನಂಟು ಬೆಳೆದದ್ದು ರದ್ದಿಯಿಂದ. ರಿಚರ್ಡ್ಸ್ ಟೌನಿನ ಸೈಫ್, ಬ್ಯಾಂಡಿನ ಹಾಡುಗಾರ, ತನ್ನ ಅಕ್ಕನ ಮದುವೆ ಕಾರ್ಡು ಒಯ್ಯಲು ಬಂದಿದ್ದ. ಕಾರ್ಡುಗಳ ಕಟ್ಟಿನ ಮೇಲೆ ಸುತ್ತಿದ್ದ ರದ್ದಿ ಹಾಳೆಯನ್ನೇ ತಿರುಗಿಸಿ ತಿರುಗಿಸಿ ನೋಡಿದ. ಹೊಸ ಇಂಕು ಸರಿಯಾಗಿ ಇಳಿಯುತ್ತದೆಯೇ ಎಂದು ಪರೀಕ್ಷಿಸಲು ಒಂದೇ ಹಾಳೆಯ ಮೇಲೆ ಹತ್ತಾರು ಕಾರ್ಡುಗಳ ಅಚ್ಚು ಒಂದರ ಮೇಲೊಂದು ಬಿದ್ದಿರುತ್ತದೆ. ಗೋಪುರದ ಮೇಲೆ ಚಂದ್ರ, ಚಂದ್ರನ ಮೇಲೆ ಬಾಳೆಕಂಬ, ತಮಿಳಿನ ಮೇಲೆ ಉರ್ದು.

"ಇದನ್ನ ಯಾರು ಡಿಸೈನ್ ಮಾಡಿದ್ದು?" ಎಂದು ಕೇಳಿದನಂತೆ.

"ಯಾರೂ ಇಲ್ಲ ಬೇಟಾ, ಅದು ಕಸ," ಎಂದರು ಫಹ್ಮಿದಾ.

"ನಂಗೆ ಇಂಥಾ ಕಸಾನೇ ಬೇಕು ಆಪಾ."

ಅಂದಿನಿಂದ ಬ್ಯಾಂಡಿನ ಪೋಸ್ಟರು, ಸ್ಟಿಕ್ಕರು, ಫೋನಿನಲ್ಲಿ ಹಂಚುವ ಚಿತ್ರ ಎಲ್ಲವೂ ಇಲ್ಲಿಂದಲೇ. ಅವು ಅಂಟುವ ಗೋಡೆಗಳನ್ನು ಫಹ್ಮಿದಾ ನೋಡಿಲ್ಲ. ಒಮ್ಮೆ ಬಸ್ಸಿನ ಕಿಟಕಿಯಿಂದ ನೂರಡಿ ರಸ್ತೆಯ ಕಾಂಪೌಂಡೊಂದರ ಮೇಲೆ ತಮ್ಮ ಪೋಸ್ಟರಿನ ಕೆಂಪು ಕಂಡಿತಂತೆ. ಸಿಗ್ನಲ್ ಬಿಟ್ಟಿತು. ಕಲೀಮುಲ್ಲಾ ಅವರಿಗೆ ಈ ವ್ಯವಹಾರವೇ ತಮಾಷೆ. "ತಮಗೆ ತಾವೇ ತಗಡು ಅಂತ ಹೆಸರಿಟ್ಕೊಂಡಿದಾವೆ. ನಾಳೆ ರದ್ದಿ ಅಂತ ಇನ್ನೊಂದು ಬರುತ್ತೆ. ಎಲ್ಲಾ ನಮ್ಮ ಫಹ್ಮಿದಾ ಹತ್ರಾನೇ ಬರೋದು."

ಮೊದಲ ಆಲ್ಬಂ ಬಂದದ್ದು ಮೂರು ವರ್ಷದ ಹಿಂದೆ. ಆಗಲೂ ಮುನ್ನೂರು ಪ್ರತಿ. ಹಿಂಬದಿಯಲ್ಲಿ ನಾಲ್ವರ ಹೆಸರು ಬರಬೇಕಿತ್ತು. ಕಾರ್ಡಿನ ಸೀಸನ್ನು ಬೇರೆ. ಹೊಸ ಫೈಲು ಯಾಕೆ ಎಂದು ಫಹ್ಮಿದಾ ಹಳೆಯ ಮದುವೆ ಕಾರ್ಡೊಂದರ ಫೈಲನ್ನೇ ತೆರೆದು ಅದರ ಸಾಲುಗಳ ಮೇಲೆ ಟೈಪು ಮಾಡಿದರು. ಮೂವರು ಹುಡುಗರ ಹೆಸರು, ಅವರವರ ವಾದ್ಯ. ನಾಲ್ಕನೆಯ ಸಾಲಿನಲ್ಲಿ ‘ಡ್ರಮ್ಸ್’ ಎಂದು ಹಾಕಿದರು. ಅದರ ಮುಂದೆ ಬಳ್ಳಿ ಇತ್ತು. ಇದ್ದ ಹಾಗೇ ಬಿಟ್ಟರು.

"ಮರೆತೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಮೂರು ಸಲ ಓದಿದೀನಿ. ಹೆಣ್ಮಗಳ ಜಾಗದಲ್ಲಿ ಬಳ್ಳಿ ಇತ್ತು, ನನ್ನ ಕಣ್ಣಿಗೆ ಸರಿಯಾಗೇ ಕಾಣಿಸ್ತು." ನಮೂನೆಯನ್ನು ಫೋನಿಗೆ ಕಳಿಸಿದರು. ಮೂವರು ಹುಡುಗರೂ ತಂತಮ್ಮ ಹೆಸರು ದೊಡ್ಡದು ಮಾಡಿ ನೋಡಿ, ಸರಿ ಇದೆ ಆಪಾ ಎಂದರು. ಪ್ರಿಯದರ್ಶಿನಿ ಆ ವಾರ ಹೊಸಕೋಟೆ ರಸ್ತೆಯ ಗೋದಾಮಿನಲ್ಲಿ ಎರಡೆರಡು ಪಾಳಿ ಪ್ಯಾಕಿಂಗ್ ಕೆಲಸದಲ್ಲಿದ್ದಳು. ಅಲ್ಲಿ ಫೋನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು.

ಮುನ್ನೂರೂ ಅಚ್ಚಾಗಿ, ಮಡಚಿ, ಅಂಟಿಸಿ ಮುಗಿದ ಮೇಲೆ ಅವಳು ತನ್ನ ಪಾಲಿನ ಪ್ರತಿ ಒಯ್ಯಲು ಇಲ್ಲಿಗೆ ಬಂದಳು. ಕವರನ್ನು ತಿರುಗಿಸಿದಳು. ಆಮೇಲೆ ಕೇಳಿದಳು, "ಅಕ್ಕಾ, ಡ್ರಮ್ಸ್ ಬಾರಿಸಿದ್ದು ಈ ಬಳ್ಳಿನಾ?"

ಇದನ್ನು ಹೇಳುವಾಗ ಫಹ್ಮಿದಾ ಪಟ್ಟಿಯನ್ನು ಕೆಳಗಿಡುತ್ತಾರೆ. "ಬಯ್ದಿದ್ರೆ ಚೆನ್ನಾಗಿತ್ತು. ನಕ್ಕಳು. ನನ್ನ ಕೈ ಹಿಡ್ಕೊಂಡು, ಹೋಗ್ಲಿ ಬಿಡಕ್ಕ, ಮುಂದಿನದಕ್ಕೆ ಹಾಕಿ ಅಂದ್ಳು. ಆಗಲೇ ನೂರೆಂಬತ್ತು ಹೊರಗೆ ಹೋಗಿತ್ತು. ಉಳಿದಿದ್ದಕ್ಕೆಲ್ಲ ಕೈಯಲ್ಲೇ ಬರೆದೆ. ಅವಳು ತಗೊಂಡು ಹೋದ ಪ್ರತಿಗೆ ಬರೆಯೋಕೆ ಬಿಡ್ಲಿಲ್ಲ, ಇರ್ಲಿ ಬಿಡಿ, ಇದು ನೆನಪಿಗೆ ಅಂದ್ಳು. ಆಮೇಲೆ ಈ ಕಡೆ ಬಂದಾಗೆಲ್ಲ ಮೇಲೆ ಹತ್ತಿ ಬಂದು, ಚಾ ಕುಡಿದು, ಈ ಮೇಜಿನ ಮೇಲೆ ಬೆರಳಲ್ಲಿ ಬಾರಿಸ್ತಾ ಕೂರೋಳು. ಇಂಕಿನ ಡಬ್ಬಿ ಎಲ್ಲಾ ಕುಣಿಯೋವು."

ಹೊಸ ಆಲ್ಬಮ್ಮಿಗೆ ಅವಳ ಫೋಟೋ ಹಾಕೋಣ ಎಂದು ಹುಡುಗರು ಬಂದರು. ಫಹ್ಮಿದಾ ಬೇಡವೆಂದರು. ಅವಳ ಡ್ರಮ್ಮಿನ ಮೇಲಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿ ತರಲು ಹೇಳಿದರು. ಕೋಲು ಬಿದ್ದು ಬಿದ್ದು ಅದರ ಮೇಲೆ ಸಾವಿರಾರು ಗುಳಿ. ನಡುವೆ ದಟ್ಟ, ಅಂಚಿಗೆ ಚದುರಿದ ಹಾಗೆ. ಅದಕ್ಕೆ ಇಂಕು ಸವರಿ, ಹಾಳೆ ಒತ್ತಿ ತೆಗೆದರು. ಬೆಳಗಿನಿಂದ ಹಗ್ಗದಲ್ಲಿ ಒಣಗುತ್ತಿರುವ ನೀಲಿ ಚುಕ್ಕೆಗಳು ಅವೇ. "ಮುಖ ಹಾಕಿದ್ರೆ ಜನ ಪಾಪ ಅಂತಾರೆ. ಇದು ಹಾಕಿದ್ರೆ, ಎಷ್ಟು ಬಾರಿಸಿದಾಳೆ ಅಂತ ಕಾಣುತ್ತೆ."

ಎಂಟು ಗಂಟೆಗೆ ಸೈಫ್ ಬರುತ್ತಾನೆ. ಇಬ್ಬರ ನಡುವೆ ಒಂದು ವಾರದಿಂದ ನಡೆದ ಮಾತೇ ಮುಂದುವರಿಯುತ್ತದೆ.

"ಆಪಾ, ಅವರಪ್ಪಾನೇ ಬೇಡ ಅಂದ್ಮೇಲೆ ನಾವು ಯಾರು ಹೇಳಿ? ‘ನಮ್ಮ ಡ್ರಮ್ಮರಿಗೆ’ ಅಂತ ಒಂದು ಸಾಲು ಹಾಕಿಬಿಡೋಣ. ಗೊತ್ತಿರೋರಿಗೆ ಗೊತ್ತಾಗುತ್ತೆ."

"ಗೊತ್ತಿಲ್ಲದೋರಿಗೆ?"

"ಆಪಾ..."

"ನಾಳೆ ಇನ್ನೊಬ್ಬನ್ನ ಕರ್ಕೊಂಡು ಬರ್ತೀರ. ಅವನೂ ಡ್ರಮ್ಮರ್ರೇ. ಆ ಸಾಲು ಯಾರದ್ದಾಗುತ್ತೆ ಆಗ?" ಸೈಫ್ ತಲೆ ತಗ್ಗಿಸುತ್ತಾನೆ. "ಹೋದ ಸಲ ನೀವು ಮೂವರೂ ನಿಮ್ಮ ನಿಮ್ಮ ಹೆಸರೇ ನೋಡ್ಕೊಂಡ್ರಿ. ನಾನು ಮೂರು ಸಲ ಓದಿದ್ರೂ ಅವಳ ಹೆಸರಿಲ್ಲ ಅಂತ ನೋಡ್ಲಿಲ್ಲ. ನಾನೇ ಹೋಗಿ ಕೇಳ್ತೀನಿ. ಅವರು ಮುಖ ನೋಡಿ ಬೇಡ ಅಂದ್ರೆ ಬೇಡ."

ಬುಧವಾರ ಮಧ್ಯಾಹ್ನ ಶಿವಾಜಿನಗರದಿಂದ ಕೆ.ಆರ್. ಪುರದ ಬಸ್ಸು ಹತ್ತುತ್ತಾರೆ. ನಾನೂ ಜೊತೆಗಿದ್ದೇನೆ. ಹಲಸೂರು, ಇಂದಿರಾನಗರ, ಹಳೆ ಮದ್ರಾಸ್ ರಸ್ತೆ. ತೊಡೆಯ ಮೇಲೆ ಹಿಂಬದಿಯ ನಮೂನೆ ಹಾಳೆ, ಕಾರ್ಡಿನ ಡಬ್ಬಿಯಲ್ಲಿ ಮಡಚದೆ ಇಟ್ಟದ್ದು. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಕಾಲು ಗಂಟೆ ನಿಲ್ಲುತ್ತದೆ. ಎಲ್ಲರೂ ಹೊರಗೆ ಬಗ್ಗಿ ನೋಡುತ್ತಾರೆ. ಫಹ್ಮಿದಾ ಡಬ್ಬಿಯ ಮುಚ್ಚಳವನ್ನೇ ನೋಡುತ್ತ ಕೂತಿದ್ದಾರೆ.

ಪ್ರಿಯದರ್ಶಿನಿಯ ತಂದೆ ನಿಂಗಣ್ಣ, ತಾಯಿ ಸುಭದ್ರಮ್ಮ, ಯಾದಗಿರಿಯ ಶಹಾಪುರ ಕಡೆಯವರು. ಬೆಂಗಳೂರಿಗೆ ಬಂದು ಹದಿನೆಂಟು ವರ್ಷವಾಯಿತು. ನಿಂಗಣ್ಣ ರಾತ್ರಿ ಪಾಳಿಯ ವಾಚ್‌ಮನ್. ಸುಭದ್ರಮ್ಮ ನಾಲ್ಕು ಮನೆ ಕೆಲಸ ಮಾಡುತ್ತಾರೆ. ಶೀಟು ಹೊದಿಸಿದ ಎಂಟು ಬಾಡಿಗೆ ಕೋಣೆಗಳ ಸಾಲಿನಲ್ಲಿ ಅವರದು ಕೊನೆಯದು. ಚಿಕ್ಕ ಮಗಳು ಕೆಲಸಕ್ಕೆ ಹೋಗಿದ್ದಾಳೆ. ಗೋಡೆಯ ಮೇಲೆ ದೊಡ್ಡ ಮಗಳ ಫೋಟೋ, ಗೋದಾಮಿನ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು.

"ಕುಂದರ್ರಿ. ನೀವೇ ಏನ್ರಿ ಕಾರ್ಡಿನ ಅಕ್ಕಾರು? ಆಕಿ ಭಾಳ ಹೇಳ್ತಿದ್ಳು ನಿಮ್ದು," ಎಂದು ಸುಭದ್ರಮ್ಮ ಚಾಪೆ ಹಾಸುತ್ತಾರೆ.

ಫಹ್ಮಿದಾ ಬಂದ ಕಾರಣ ಹೇಳುತ್ತಾರೆ. ನಿಂಗಣ್ಣ ಮಾತು ಮುಗಿಯುವ ತನಕ ಕಾಯುತ್ತಾರೆ. ಒರಟು ಮನುಷ್ಯರಲ್ಲ. ನಿದ್ದೆಗೆಟ್ಟ ಕಣ್ಣು.

"ಅಕ್ಕಾರೆ, ನಾ ಆ ಹುಡುಗಗೂ ಹೇಳೀನಿ. ಸಣ್ಣಾಕಿಗಿ ಗಂಡ ನೋಡೀವಿ. ನಮ್ಮ ಕಡೀನೇ, ಭಾಳ ದೂರಲ್ಲ. ಆ ಹೊತ್ತಿನ್ಯಾಗ ನಿಮ್ಮ ಹುಡುಗಿ ಎಲ್ಲಿಂದ ಬರಾಕತ್ತಿದ್ಳು ಅಂತ ಊರಾಗ ಎಲ್ಲಾರೂ ಕೇಳ್ಯಾರ. ಡ್ಯೂಟಿ ಮುಗಿಸ್ಕೊಂಡು ಬರಾಕತ್ತಿದ್ಳು ಅಂತ ಹೇಳೀನಿ. ಈಗ ನೀವು ಹೆಸರು ಹಾಕಿ, ಡ್ರಮ್ಮು ಬಾರಸಾಕಿ ಅಂತ ಮಾರಿದ್ರ, ನಾ ಸುಳ್ಳ ಆಗ್ತೀನಿ. ಆಕಿ ಮ್ಯಾಲ ಇಲ್ಲದ್ದು ಹೇಳ್ತಾರ. ಸತ್ತ ಮ್ಯಾಲ ಯಾಕ್ರಿ ಆಕಿಗಿ ಅದು?"

ಫಹ್ಮಿದಾ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಾರೆ. ಆಗ ಸುಭದ್ರಮ್ಮ ಎದ್ದು ಟ್ರಂಕು ತೆರೆಯುತ್ತಾರೆ. ಹಸಿರು ಖಣದಲ್ಲಿ ಸುತ್ತಿಟ್ಟ ಮೊದಲ ಆಲ್ಬಂ ತೆಗೆದು ಗಂಡನ ಮುಂದೆ ಹಿಡಿಯುತ್ತಾರೆ.

"ಹೋದ ಸಲ ಹಾಕಿದ್ರಲ್ಲ, ಯಾರು ಏನ್ ಅಂದ್ರು? ನೋಡ್ರಿ ಅಕ್ಕಾರೆ, ಇಲ್ಲೇ ಐತಲ್ಲ ಆಕಿ ಹೆಸರು." ಅವರ ಬೆರಳು ಬಳ್ಳಿಯ ಮೇಲಿದೆ. "ಅವ್ವಾ, ಇದು ನಂದು ಅಂತ ಆಕೀನೇ ತೋರಿಸಿದ್ಳು. ಎಷ್ಟು ಚಂದ ಬರದೀರಿ! ಆ ಹುಡುಗ್ರವು ಎಲ್ಲಾ ಕಡ್ಡಿ ಕಡ್ಡಿ. ನನ್ ಮಗಳದು ನೋಡ್ರಿ, ಹೂವಿನಂಗ. ದಿನಾ ದೀಪ ಹಚ್ಚಿದ ಮ್ಯಾಲ ಒಮ್ಮೆ ಮುಟ್ಟತೀನಿ."

ಸುಭದ್ರಮ್ಮನವರಿಗೆ ಓದು ಬರಹ ಇಲ್ಲ. ಬಳ್ಳಿಯ ಆ ಜಾಗದಲ್ಲಿ ಇಂಕು ಸವೆದು ಹಾಳೆಯ ಬಿಳಿ ಕಾಣುತ್ತಿದೆ.

ನಿಂಗಣ್ಣ ಗೋಡೆಯ ಕಡೆ ನೋಡುತ್ತಾರೆ. ಮೆಲ್ಲಗೆ ಹೇಳುತ್ತಾರೆ, "ಹಂಗಾರ ಹಂಗೇ ಹಾಕ್ರಿ ಅಕ್ಕಾರೆ. ಹೋದ ಸಲ ಹೆಂಗಿತ್ತೋ ಹಂಗೇ. ಯಾರಿಗೂ ತ್ರಾಸಿಲ್ಲ."

ಅವರಿಗೆ ಓದಲು ಬರುತ್ತದೆ ಎಂಬುದು ಆ ಮಾತಿನಲ್ಲೇ ತಿಳಿಯುತ್ತದೆ. ಈಗ ಫಹ್ಮಿದಾ ಒಮ್ಮೆ ತಲೆಯಾಡಿಸಿದರೆ ಸಾಕು. ಅಪ್ಪನಿಗೆ ಹೆಸರಿಲ್ಲದ ಕವರು, ಅಮ್ಮನಿಗೆ ಹೆಸರಿರುವ ಕವರು, ಬ್ಯಾಂಡಿಗೆ ಭಾನುವಾರ. ಅಷ್ಟೂ ಜನರ ಸಮಾಧಾನಕ್ಕೆ ಅಂಗಡಿಯ ಹಳೆಯ ಬಳ್ಳಿಯೊಂದು ಸಾಕಾಗುತ್ತಿತ್ತು. ಹೊರಗೆ ಯಾರೋ ಬಿಂದಿಗೆ ತುಂಬಿಸುತ್ತಿದ್ದಾರೆ. ಅದು ತುಂಬಿ ಚೆಲ್ಲುತ್ತದೆ.

"ಅಮ್ಮಾ," ಎಂದರು ಫಹ್ಮಿದಾ ಕೊನೆಗೆ. "ಇದು ಹೆಸರಲ್ಲ. ಬರೀ ಬಳ್ಳಿ. ನಮ್ಮಲ್ಲಿ ಹೆಸರು ಹಾಕದೆ ಇರೋ ಕಡೆ ಇದನ್ನ ಹಾಕ್ತೀವಿ. ನಿಮ್ಮ ಮಗಳ ಹೆಸರು ಬಿಟ್ಟುಬಿಟ್ಟೆ ನಾನು. ನನ್ನದೇ ತಪ್ಪು."

"ಆಕಿ ತೋರಿಸಿದ್ಳಲ್ರಿ?"

"ನಿಮಗೆ ಬೇಜಾರಾಗುತ್ತೆ ಅಂತ ಹಾಗೆ ಹೇಳಿರ್ತಾಳೆ."

ಸುಭದ್ರಮ್ಮ ಅಳುವುದಿಲ್ಲ. ಕವರನ್ನು ಮಡಿಲಿಗೆ ಇಟ್ಟುಕೊಂಡು ಗಂಡನ ಕಡೆ ತಿರುಗುತ್ತಾರೆ. "ನಿಮಗ ಓದಾಕ ಬರ್ತದ."

"ಬರ್ತದ."

"ಮೂರು ವರ್ಷ ಆತು."

"ಏನಂತ ಹೇಳ್ಲಿ ನಾ? ನೀ ಅದನ್ನ ಮುಟ್ಟಿ ಮುಟ್ಟಿ ನಗತಿದ್ದಿ."

ಫಹ್ಮಿದಾ ತಂದ ನಮೂನೆಯಲ್ಲಿ ನಾಲ್ಕನೆಯ ಸಾಲು ಖಾಲಿ ಇದೆ. ಸುಭದ್ರಮ್ಮ ಅದನ್ನು ತೋರಿಸಿ, ಆಕೆಯ ಹೆಸರು ನಿಜಕ್ಕೂ ಹೇಗಿರುತ್ತದೆ, ಬರೆಯಿರಿ ಎನ್ನುತ್ತಾರೆ. ಫಹ್ಮಿದಾ ಪೆನ್ನಿನಲ್ಲಿ ದಪ್ಪಗೆ ಬರೆಯುತ್ತಾರೆ. ತಾಯಿ ಒಂದೊಂದು ಅಕ್ಷರದ ಮೇಲೂ ಬೆರಳು ಆಡಿಸುತ್ತಾರೆ.

"ಇಷ್ಟು ಉದ್ದ ಐತೇನ್ರಿ?"

"ಐದು ಅಕ್ಷರ ಅಮ್ಮ."

"ನಾವು ಬರೇ ಪಿರಿ ಅಂತಿದ್ವಿ." ಮತ್ತೆ ಮೊದಲಿನಿಂದ ಬೆರಳು ಆಡಿಸಿ, ಹಾಳೆಯನ್ನು ವಾಪಸು ಕೊಡುತ್ತಾರೆ. "ಇದನ್ನ ಹಾಕ್ರಿ."

"ಸಣ್ಣಾಕಿ?" ಎನ್ನುತ್ತಾರೆ ನಿಂಗಣ್ಣ.

"ದೊಡ್ಡಾಕಿ ಹೆಸರು ಕೇಳಿ ಎದ್ದು ಹೋಗೋರು ಹೋಗ್ಲಿ. ಅಂಥಾ ಮನಿಗಿ ಇನ್ನೊಬ್ಬಾಕಿನ್ನ ಕಳಿಸಿ ಏನ್ ಮಾಡ್ಲಿ?" ಎಂದು ಸುಭದ್ರಮ್ಮ ನನ್ನ ಕಡೆ ತಿರುಗುತ್ತಾರೆ. "ಪೇಪರಿನವ್ರು ಅಂದ್ರಲ್ಲ. ನೀವೂ ಪೂರಾ ಬರೀರಿ."

ನಿಂಗಣ್ಣ ಎದ್ದು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ಹೊರಗೆ ಹೋಗುತ್ತಾರೆ. ನಾವು ಹೊರಡುವ ತನಕ ಬರಲಿಲ್ಲ.

ವಾಪಸು ಬರುವಾಗ ಬಸ್ಸು ಹಲಸೂರು ದಾಟಿತು. ಫಹ್ಮಿದಾ ಹೇಳಿದರು: "ಹೆಸರು ಸಿಕ್ಕಿತು ಅಂತ ಖುಷಿ ಆಗ್ಬೇಕಿತ್ತು. ಆಗ್ತಿಲ್ಲ ಮೇಡಂ. ಇಷ್ಟು ದಿನ ಆ ತಾಯಿ ಮುಟ್ಟೋಕೆ ಅಂತ ಒಂದಿತ್ತು. ಅದನ್ನ ನಾನೇ ಕಿತ್ಕೊಂಡು ಬಂದೆ."

ಹೆಂಗಸರ ಬದುಕಿನಲ್ಲಿ ಇಂಥ ಎಷ್ಟು ಬಳ್ಳಿಗಳಿರುತ್ತವೆಯೋ. ಪ್ರೀತಿಯಿಂದಲೇ ಯಾರೋ ಬಿಡಿಸಿರುತ್ತಾರೆ, ಪ್ರೀತಿಯಿಂದಲೇ ಇನ್ಯಾರೋ ಸುಮ್ಮನಿರುತ್ತಾರೆ. ಅವುಗಳನ್ನು ತೆಗೆಯುವ ಕೈಗೆ ಪುಣ್ಯವೇ ಬರುತ್ತದೆಂದು ಹೇಳಲು ಫಹ್ಮಿದಾ ಅವರ ಮುಖ ನೋಡಿದ ಮೇಲೆ ನನಗೆ ಧೈರ್ಯ ಬರಲಿಲ್ಲ.

ಗುರುವಾರ ಹೆಸರುಗಳ ಫಿಲ್ಮು ತೆಗೆಸಿ, ಜಾಲರಿಗೆ ಮದ್ದು ಬಳಿದು ಒಣಗಿಸಿ, ಮೇಲೆ ಫಿಲ್ಮು ಇಟ್ಟು ಬೆಳಕಿಗೆ ಒಡ್ಡುತ್ತಾರೆ. ಅಕ್ಷರ ಇರುವ ಕಡೆ ಮಾತ್ರ ಮದ್ದು ತೊಳೆದು ಹೋಗಿ ಇಂಕು ಇಳಿಯಲು ದಾರಿಯಾಗುತ್ತದೆ. ಶುಕ್ರವಾರ ಫಜರ್ ಮುಗಿದ ಮೇಲೆ ಮುನ್ನೂರು ಹಾಳೆಯ ಎಡ ಅರ್ಧಕ್ಕೆ ಕಪ್ಪು ಎಳೆಯುತ್ತಾರೆ. ನಾಲ್ಕು ಹೆಸರು, ಒಂದೇ ಅಳತೆ. ಸೈಫ್ ಅವಳದನ್ನು ದೊಡ್ಡದು ಮಾಡೋಣ ಎಂದಿದ್ದ, ಸುತ್ತ ಕಪ್ಪು ಗೆರೆ ಹಾಕೋಣ ಎಂದೂ ಹೇಳಿದ್ದ. ಫಹ್ಮಿದಾ ಒಪ್ಪಲಿಲ್ಲ. "ಬಾರಿಸಿದೋಳ ಹೆಸರು ಬಾರಿಸಿದೋರ ಜೊತೆ ಇರ್ಲಿ. ಸತ್ತೋರ ಹಾಗೆ ಬೇರೆ ಕೂರಿಸೋದು ಬೇಡ." ನೂರ ನಲವತ್ತನೆಯ ಹಾಳೆಯ ಹೊತ್ತಿಗೆ ಕೆಮ್ಮು ಹಿಡಿಯುತ್ತದೆ. ಕಿಟಕಿಗೆ ಹೋಗಿ ನಿಂತು, ನೀರು ಕುಡಿದು, ಮತ್ತೆ ಬರುತ್ತಾರೆ. ಹಾಳಾದದ್ದು ನಾಲ್ಕೇ ಹಾಳೆ, ಹೆಚ್ಚಿಗೆ ಎಳೆದಿಟ್ಟ ಹಾಳೆಗಳಿಂದ ಅದು ತುಂಬುತ್ತದೆ.

ನಿಂಗಣ್ಣ ಆಮೇಲೆ ಸೈಫನ ಫೋನು ಎತ್ತಿಲ್ಲ. ಗಂಡಿನ ಕಡೆಯವರು ಏನು ಹೇಳುತ್ತಾರೋ ಯಾರಿಗೂ ಗೊತ್ತಿಲ್ಲ. ಭಾನುವಾರದ ಕಾರ್ಯಕ್ರಮಕ್ಕೆ ಫಹ್ಮಿದಾ ಹೋಗುವುದಿಲ್ಲ. ಯಾವತ್ತೂ ಹೋಗಿಲ್ಲ. ಶನಿವಾರ ಒಂದು ಪ್ರತಿಯನ್ನು ಕೆ.ಆರ್. ಪುರಕ್ಕೆ ಕೊಟ್ಟು ಬರುವ ಆಸೆ ಮಾತ್ರ ಇದೆ. "ಬಾಗಿಲು ತೆಗೆದ್ರೆ ಕೈಗೆ ಕೊಡ್ತೀನಿ. ತೆಗೀದಿದ್ರೆ ಪಕ್ಕದ ಮನೇಲಿ ಕೊಟ್ಟು ಬರ್ತೀನಿ."

ಅದೇ ಶುಕ್ರವಾರ ಹತ್ತು ಗಂಟೆಗೆ ಕೆಳಗೆ ಅಂಗಡಿ ತೆರೆಯುತ್ತದೆ. ಕಲೀಮುಲ್ಲಾ ಇನ್ನೂ ಗಲ್ಲಾ ಒರೆಸುತ್ತಿರುವಾಗಲೇ ಫ್ರೇಜರ್ ಟೌನಿನ ಹಬೀಬ್ ಎಂಬ ಹಳೆಯ ಗಿರಾಕಿ ಬಂದು ಕೂರುತ್ತಾರೆ. ಮಗಳ ಮದುವೆ, ಐನೂರು ಕಾರ್ಡು. ಹುಡುಗನ ಹೆಸರು, ಅವರಪ್ಪನ ಹೆಸರು, ತಮ್ಮ ಹೆಸರು, ಶಾದಿಮಹಲಿನ ವಿಳಾಸ, ಎಲ್ಲ ಒಂದೇ ಚೀಟಿಯಲ್ಲಿ ಬರೆದು ತಂದಿದ್ದಾರೆ. ಇಂಕಿನ ಕೈ ಒರೆಸಿಕೊಳ್ಳುತ್ತ ಇಳಿದು ಬಂದ ಫಹ್ಮಿದಾ ಚೀಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾರೆ.

"ಮಗಳ ಹೆಸರೇನು ಭಾಯಿ?"

"ಅದು ಕಾರ್ಡಲ್ಲಿ ಬರಲ್ವಲ್ಲ ಆಪಾ. ನಮ್ಮ ಮನೇಲಿ ಹಾಕಿಸಲ್ಲ, ನಿಮಗೇ ಗೊತ್ತಲ್ಲ."

"ಕಾರ್ಡಿಗಲ್ಲ. ನನಗೆ ಬೇಕು."

ಹಬೀಬ್ ಅವರು ಕಲೀಮುಲ್ಲಾ ಅವರ ಮುಖ ನೋಡುತ್ತಾರೆ. ಕಲೀಮುಲ್ಲಾ ಗಲ್ಲಾ ಒರೆಸುವುದನ್ನು ನಿಲ್ಲಿಸಿ ತಂಗಿಯ ಮುಖ ನೋಡುತ್ತಾರೆ. ಆಕೆ ಕಾಯುತ್ತ ನಿಂತಿದ್ದಾರೆ.

"ನಾಜಿಶ್," ಎನ್ನುತ್ತಾರೆ ಹಬೀಬ್.

"ಒಳ್ಳೇ ಹೆಸರು," ಎಂದು ಫಹ್ಮಿದಾ ಕುರ್ಚಿ ಎಳೆದುಕೊಂಡು, ನಮೂನೆ ಕಾರ್ಡುಗಳ ಕಟ್ಟು ಬಿಚ್ಚುತ್ತಾರೆ.